ಮನೆಯ ಬಿಪಿ, ಆಸ್ಪತ್ರೆಯ ಬಿಪಿ: ಯಾವುದನ್ನು ನಂಬಬೇಕು?

ಕಳೆದ ಸಂಚಿಕೆಯಲ್ಲಿ ಉಪ್ಪು ಮತ್ತು ರಕ್ತದೊತ್ತಡದ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಬಹುಪಾಲು ಉಪ್ಪಿನ ವಿಚಾರವನ್ನು ಬದಿಗಿಟ್ಟು ಬೇರೊಂದು ಸಂಶಯವನ್ನೇ ಮುಂದಿಟ್ಟಿವೆ. ಮನೆಯಲ್ಲಿ ನೋಡಿಕೊಂಡರೆ ಒಂದು ಅಂಕಿ, ಡಾಕ್ಟರ ಬಳಿ ಹೋದರೆ ಇನ್ನೊಂದು ಅಂಕಿ ಬರುತ್ತದೆ. ಯಾವುದು ಸರಿ ಎಂಬುದು ಆ ಸಂಶಯ. ದಿನವೂ ಹೊರರೋಗಿ ವಿಭಾಗದಲ್ಲಿ ನನಗೆ ಎದುರಾಗುವ ಪ್ರಶ್ನೆಯೂ ಇದೇ ಆಗಿರುವುದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯ ಡಾಕ್ಟರೇ, ನನಗೆ 63 ವರ್ಷ, ನಿವೃತ್ತ ಪ್ರೌಢಶಾಲಾ ಶಿಕ್ಷಕ. ಎರಡು ತಿಂಗಳ ಹಿಂದೆ ಮಂಡಿನೋವಿಗೆಂದು ಆಸ್ಪತ್ರೆಗೆ ಹೋದಾಗ ಬಿಪಿ 158/94 ಇದೆ ಎಂದರು. ಹದಿನೈದು ದಿನ ಬಿಟ್ಟು ಹೋದಾಗ 154/92 ಬಂತು, ಮಾತ್ರೆ ಬರೆದುಕೊಟ್ಟರು. ಆದರೆ ಮಗಳು ತಂದುಕೊಟ್ಟ ಮಿಷನ್‌ನಲ್ಲಿ ಮನೆಯಲ್ಲಿ ನೋಡಿಕೊಂಡರೆ 128/80ರ ಆಸುಪಾಸಿನಲ್ಲೇ ಇರುತ್ತದೆ. ಹನ್ನೆರಡು ಸಲ ನೋಡಿ ಬರೆದ ಪಟ್ಟಿಯನ್ನು ಜೊತೆಗಿಟ್ಟಿದ್ದೇನೆ. ಮಾತ್ರೆಯನ್ನು ಇನ್ನೂ ಶುರು ಮಾಡಿಲ್ಲ. ನಾನು ಯಾವ ಅಂಕಿಯನ್ನು ನಂಬಲಿ?
– ಓದುಗರು, ಶಿವಮೊಗ್ಗ

ಉತ್ತರ: ಗುರುಗಳೇ, ನಿಮ್ಮ ಎರಡೂ ಅಂಕಿಗಳು ನಿಜವೇ ಆಗಿರಬಹುದು ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಿ. ರಕ್ತದೊತ್ತಡವೆಂಬುದು ನಮ್ಮ ಎತ್ತರದಂತೆ ಒಂದೇ ಕಡೆ ನಿಂತಿರುವ ಅಳತೆಯಲ್ಲ. ಎದ್ದರೆ, ಕೂತರೆ, ಮಾತಾಡಿದರೆ, ಸಿಟ್ಟು ಬಂದರೆ, ನಿದ್ದೆ ಹೋದರೆ ಅದು ಏರುತ್ತ ಇಳಿಯುತ್ತ ಇರುತ್ತದೆ. ಹಾಗಾಗಿ ಆ ಕ್ಷಣದ ಅಂಕಿ ಎಷ್ಟು ಎಂಬುದಕ್ಕಿಂತ, ನಿಮ್ಮ ರಕ್ತನಾಳಗಳು, ಹೃದಯ, ಮೂತ್ರಪಿಂಡ ಮತ್ತು ಮಿದುಳು ದಿನವಿಡೀ ಎಷ್ಟು ಒತ್ತಡವನ್ನು ಹೊರುತ್ತಿವೆ ಎಂಬುದು ನಮಗೆ ತಿಳಿಯಬೇಕು. ಆಸ್ಪತ್ರೆಯಲ್ಲಿ ಒಂದೆರಡು ಸಲ ನೋಡಿದ ಅಂಕಿಗಿಂತ, ಮನೆಯಲ್ಲಿ ಕ್ರಮವಾಗಿ ಹಲವು ದಿನ ನೋಡಿದ ಅಂಕಿಗಳ ಸರಾಸರಿ ಇದನ್ನು ಹೆಚ್ಚು ಸರಿಯಾಗಿ ಹೇಳುತ್ತದೆ. ‘ಕ್ರಮವಾಗಿ’ ಎಂಬ ಮಾತಿಗೆ ಆಮೇಲೆ ಬರುತ್ತೇನೆ, ಏಕೆಂದರೆ ನೀವು ಕಳುಹಿಸಿದ ಪಟ್ಟಿಯಲ್ಲಿ ತೊಡಕಿರುವುದು ಅಲ್ಲಿಯೇ.

ಆಸ್ಪತ್ರೆಗೆ ಬರುವವರ ಸ್ಥಿತಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ಬೆಳಿಗ್ಗೆ ಬೇಗ ಎದ್ದು, ಬಸ್ಸು ಹಿಡಿದು, ಚೀಟಿ ಮಾಡಿಸಿ, ಮೂರನೆಯ ಮಹಡಿಗೆ ಮೆಟ್ಟಿಲು ಹತ್ತಿ, ಟೋಕನ್ ಕೈಯಲ್ಲಿ ಹಿಡಿದು ಒಂದೂವರೆ ಗಂಟೆ ಬೆಂಚಿನ ಮೇಲೆ ಕಾದಿರುತ್ತಾರೆ. ನಡುವೆ ಎದುರಿನ ಹೋಟೆಲಿನಲ್ಲಿ ಒಂದು ಕಾಫಿ ಆಗಿರುತ್ತದೆ. ಎದ್ದು ಹೋದರೆ ಸರದಿ ತಪ್ಪೀತು ಎಂದು ಮೂತ್ರಕ್ಕೂ ಹೋಗಿರುವುದಿಲ್ಲ. ಹೆಸರು ಕೂಗಿದ ಕೂಡಲೇ ಧಾವಿಸಿ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ, ನಾವು ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ, “ಏನು ತೊಂದರೆ?” ಎಂದು ಕೇಳುತ್ತಲೇ ಗಾಳಿ ಒತ್ತಲು ಶುರು ಮಾಡುತ್ತೇವೆ. ಮಾತಾಡುತ್ತಿರುವಾಗ, ಮೂತ್ರಕೋಶ ತುಂಬಿರುವಾಗ, ಬೆನ್ನಿಗೂ ತೋಳಿಗೂ ಆಸರೆ ಇಲ್ಲದಿರುವಾಗ ಬಿಪಿ ಏರುತ್ತದೆ. ಈ ಒಂದೊಂದೂ ಹಲವು ಮಿಲಿಮೀಟರುಗಳನ್ನು (ಬಿಪಿಯನ್ನು ಹೇಳುವುದು ಪಾದರಸದ ಎತ್ತರದ ಮಿಲಿಮೀಟರುಗಳಲ್ಲಿ) ಸೇರಿಸಬಲ್ಲದು. ರೋಗಿಯನ್ನು ಐದು ನಿಮಿಷ ಸುಮ್ಮನೆ ಕೂರಿಸಿ ನೋಡಬೇಕೆಂದು ನಾವೆಲ್ಲರೂ ಓದಿದ್ದೇವೆ. ಹೊರಗೆ ಎಂಬತ್ತು ಮಂದಿ ಕಾದಿರುವಾಗ ಆ ಐದು ನಿಮಿಷ ಸಿಗುವುದಿಲ್ಲ ಎಂಬುದು ಸತ್ಯ. ಆದರೆ ಆ ಐದು ನಿಮಿಷವನ್ನು ಉಳಿಸಲು ಹೋಗಿ ಒಬ್ಬರಿಗೆ ಜೀವನಪರ್ಯಂತ ನುಂಗುವ ಮಾತ್ರೆಯನ್ನು ಬರೆದುಕೊಡುವುದು ಸರಿಯಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ಇವೆಲ್ಲವನ್ನೂ ಸರಿಪಡಿಸಿದರೂ ಇನ್ನೊಂದು ಕಾರಣ ಉಳಿಯುತ್ತದೆ. ಅದು ಸ್ವತಃ ವೈದ್ಯರ ಹಾಜರಿ. 1983ರಲ್ಲಿ ಇಟಲಿಯ ಜುಸೆಪ್ಪೆ ಮಾನ್ಚಿಯಾ ಮತ್ತು ಅವರ ಸಹೋದ್ಯೋಗಿಗಳು ಆಸ್ಪತ್ರೆಯಲ್ಲಿದ್ದ ರೋಗಿಗಳ ರಕ್ತನಾಳದೊಳಗೇ ಸಣ್ಣ ಕೊಳವೆಯನ್ನಿರಿಸಿ ಒತ್ತಡವನ್ನು ಎಡೆಬಿಡದೆ ದಾಖಲಿಸಿದರು. ವೈದ್ಯರು ಹಾಸಿಗೆಯ ಪಕ್ಕಕ್ಕೆ ಬಂದು ಬಿಪಿ ನೋಡಲು ತೊಡಗಿದೊಡನೆ ಮೇಲಿನ ಅಂಕಿ ಸರಾಸರಿ 27 ಮಿಲಿಮೀಟರಿನಷ್ಟು, ಕೆಳಗಿನ ಅಂಕಿ 15 ಮಿಲಿಮೀಟರಿನಷ್ಟು ಏರಿತು; ಏರಿಕೆ ಮೊದಲ ನಾಲ್ಕು ನಿಮಿಷಗಳಲ್ಲೇ ತುದಿ ಮುಟ್ಟಿ ಆಮೇಲೆ ಇಳಿಯತೊಡಗಿತು. ಬಿಪಿ ಕಾಯಿಲೆ ಇದ್ದವರಲ್ಲೂ ಇಲ್ಲದವರಲ್ಲೂ ಹೀಗೆಯೇ ಆಯಿತು. ನಾವು ಬಿಪಿ ನೋಡುವುದು ಬಹುತೇಕ ಆ ನಾಲ್ಕು ನಿಮಿಷಗಳ ಒಳಗೇ ಎಂಬುದನ್ನು ಇಲ್ಲಿ ಗಮನಿಸಬೇಕು. ಆಸ್ಪತ್ರೆಯಲ್ಲಿ ಮಾತ್ರ ಹೆಚ್ಚಾಗಿ, ಹೊರಗೆ ಸರಿಯಾಗಿರುವ ಇಂಥ ಒತ್ತಡವನ್ನು ‘ಬಿಳಿ ಕೋಟಿನ ರಕ್ತದೊತ್ತಡ’ ಎಂದು ಕರೆಯುತ್ತಾರೆ. ಇದು ಅಳ್ಳೆದೆಯವರಿಗೆ ಮಾತ್ರ ಬರುವುದಲ್ಲ. ನಲವತ್ತು ವರ್ಷ ತರಗತಿಯನ್ನು ನಿಭಾಯಿಸಿದ ನಿಮ್ಮಂಥವರಿಗೂ ತಮಗೇ ಅರಿವಿಲ್ಲದಂತೆ ಆಗಬಹುದು.

ನಮ್ಮ ದೇಶದಲ್ಲಿಯೂ ಇದನ್ನು ಪರೀಕ್ಷಿಸಿದ್ದಾರೆ. ಹೃದ್ರೋಗ ತಜ್ಞ ಡಾ. ಉಪೇಂದ್ರ ಕೌಲ್ ಅವರ ನೇತೃತ್ವದಲ್ಲಿ 15 ರಾಜ್ಯಗಳ 18,918 ಮಂದಿಯ ಬಿಪಿಯನ್ನು ವೈದ್ಯರ ಬಳಿಯೂ, ಏಳು ದಿನ ಮನೆಯಲ್ಲಿಯೂ ಅಳೆದು 2019ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವೈದ್ಯರ ಬಳಿಯ ಮೊದಲ ಭೇಟಿಯ ಅಂಕಿಯೊಂದನ್ನೇ ನಂಬಿದ್ದರೆ ಅವರಲ್ಲಿ ಶೇಕಡ 42ರಷ್ಟು ಮಂದಿಯ ವಿಷಯದಲ್ಲಿ ತಪ್ಪಾಗುತ್ತಿತ್ತು: ಕೆಲವರಿಗೆ ಇಲ್ಲದ ಕಾಯಿಲೆ ಇದೆ ಎನ್ನುತ್ತಿದ್ದರು, ಕೆಲವರಿಗೆ ಇರುವ ಕಾಯಿಲೆ ಇಲ್ಲ ಎನ್ನುತ್ತಿದ್ದರು.

ಹಾಗೆಂದು ಮಾತ್ರೆಯ ಚೀಟಿಯನ್ನು ಹರಿದುಹಾಕಬೇಡಿ. ನಿಮ್ಮ ಪಟ್ಟಿಯನ್ನು ನಾನು ಸಾವಧಾನವಾಗಿ ನೋಡಿದೆ. ಹನ್ನೆರಡು ಅಂಕಿಗಳಲ್ಲಿ ಒಂಬತ್ತು ಮಧ್ಯಾಹ್ನ ಎರಡರಿಂದ ನಾಲ್ಕರ ನಡುವಿನವು. ಪಕ್ಕದಲ್ಲಿ ‘ಊಟವಾಗಿ ಮಲಗಿ ಎದ್ದ ಮೇಲೆ’ ಎಂದು ನೀವೇ ಬರೆದಿದ್ದೀರಿ. ಹಿರಿಯರಲ್ಲಿ ಊಟದ ನಂತರದ ಒಂದೆರಡು ಗಂಟೆ ಬಿಪಿ ಇಳಿದಿರುವುದು ಸಾಮಾನ್ಯ. ಬೆಳಗಿನ ಅಂಕಿ ನಿಮ್ಮ ಪಟ್ಟಿಯಲ್ಲಿ ಒಂದೇ ಒಂದು ಇದೆ, ಅದು 142/88. ಅಂದರೆ ದಿನದ ಅತ್ಯಂತ ಶಾಂತವಾದ ಹೊತ್ತನ್ನೇ ಆರಿಸಿಕೊಂಡು ನೀವು ಅಳೆದಂತಾಗಿದೆ. ಆಸ್ಪತ್ರೆಯ ಅಂಕಿ ಒಂದು ಕಡೆಗೆ ವಾಲಿದ್ದರೆ ನಿಮ್ಮ ಪಟ್ಟಿ ಇನ್ನೊಂದು ಕಡೆಗೆ ವಾಲಿದೆ. ಆದ್ದರಿಂದ ಈಗಿನಿಂದ ಒಂದು ವಾರ ಕ್ರಮವಾಗಿ ನೋಡಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಬೆಳಿಗ್ಗೆ ಎದ್ದು ಒಂದು ಗಂಟೆಯೊಳಗೆ, ಮೂತ್ರವಿಸರ್ಜನೆ ಮುಗಿಸಿ, ಕಾಫಿ ತಿಂಡಿಗಳಿಗೆ ಮುನ್ನ ನೋಡಿಕೊಳ್ಳಿ. ಮುಂದೆ ಮಾತ್ರೆ ಶುರುವಾದರೆ ಮಾತ್ರೆಗೂ ಮುನ್ನ. ರಾತ್ರಿ ಊಟಕ್ಕೆ ಮೊದಲು ಅಥವಾ ಮಲಗುವ ಮುನ್ನ ಇನ್ನೊಮ್ಮೆ ನೋಡಿ. ಅದಕ್ಕೆ ಮೊದಲಿನ ಅರ್ಧ ಗಂಟೆ ಕಾಫಿ, ಚಹಾ, ಬೀಡಿ, ಸಿಗರೇಟು, ವಾಕಿಂಗ್ ಯಾವುದೂ ಬೇಡ. ಬೆನ್ನಿಗೆ ಒರಗು ಇರುವ ಕುರ್ಚಿಯಲ್ಲಿ ಕೂತು, ಕಾಲಿನ ಮೇಲೆ ಕಾಲು ಹಾಕದೆ ಎರಡೂ ಪಾದಗಳನ್ನು ನೆಲಕ್ಕೆ ಊರಿ, ತೋಳನ್ನು ಊಟದ ಮೇಜಿನಂಥದ್ದರ ಮೇಲೆ ಚಾಚಿ ಇಡಿ. ಪಟ್ಟಿ ಬರಿಯ ತೋಳಿನ ಮೇಲಿರಲಿ. ಬಿಗಿಯಾದ ಅಂಗಿಯ ತೋಳನ್ನು ಮೇಲಕ್ಕೆ ಸುತ್ತಿದರೆ ಅದೇ ಇನ್ನೊಂದು ಪಟ್ಟಿಯಂತೆ ಬಿಗಿಯುತ್ತದೆ. ಐದು ನಿಮಿಷ ಮೌನವಾಗಿ ಕೂತ ಮೇಲೆ ಗುಂಡಿ ಒತ್ತಿ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ, ಎರಡನ್ನೂ ಬರೆಯಿರಿ. ಹೀಗೆ ಏಳು ದಿನಕ್ಕೆ 28 ಅಂಕಿಗಳಾಗುತ್ತವೆ. ಮೊದಲ ದಿನ ಮಿಷನ್ ಬಗ್ಗೆಯೇ ಒಂದು ಅಳುಕಿರುವುದರಿಂದ ಆ ದಿನದ ನಾಲ್ಕನ್ನು ಬಿಟ್ಟುಬಿಡಿ. ಉಳಿದ 24ರ ಸರಾಸರಿ ತೆಗೆಯಿರಿ. ಹೆಚ್ಚು ಬಂದದ್ದನ್ನು ತಪ್ಪಾಗಿರಬೇಕೆಂದು ಹೊಡೆದುಹಾಕಬೇಡಿ.

ಇದರಲ್ಲಿ ತೋಳಿನ ಎತ್ತರದ ಬಗ್ಗೆ ಒಂದು ಮಾತನ್ನು ಹೆಚ್ಚಾಗಿ ಹೇಳಬೇಕಿದೆ. ಕಳೆದ ವರ್ಷ ಪರಿಚಿತರೊಬ್ಬರ ಮನೆಗೆ ಹೋಗಿದ್ದಾಗ ಅವರು ಬಿಪಿ ನೋಡಿಕೊಳ್ಳುವ ಪರಿಯನ್ನು ಕಂಡೆ. ತಗ್ಗಾದ ಸೋಫಾದಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು; ಪಟ್ಟಿ ಕಟ್ಟಿದ ಕೈ ಪಕ್ಕದಲ್ಲಿ ಜೋತುಬಿದ್ದಿತ್ತು; ಇನ್ನೊಂದು ಕೈಯಲ್ಲಿ ಫೋನು, ಎದುರಿಗೆ ಟೀವಿ. ಪರದೆಯ ಮೇಲೆ 156 ಎಂದು ಬಂತು. ಟೀವಿ ಆರಿಸಿ, ಊಟದ ಮೇಜಿನ ಬಳಿ ಕುರ್ಚಿಯಲ್ಲಿ ಕೂರಿಸಿ, ತೋಳಿನಡಿಗೆ ಮಡಚಿದ ಟವೆಲ್ ಇಟ್ಟು, ಪಟ್ಟಿ ಎದೆಯ ಮಟ್ಟಕ್ಕೆ ಬರುವಂತೆ ಮಾಡಿ, ಐದು ನಿಮಿಷ ಬಿಟ್ಟು ನೋಡಿದೆವು: 138. ಪಟ್ಟಿ ಹೃದಯದ ಮಟ್ಟಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗಿದ್ದರೆ, ನಡುವಿನ ರಕ್ತದ ಭಾರವೇ ಏಳೆಂಟು ಮಿಲಿಮೀಟರುಗಳನ್ನು ಸೇರಿಸುತ್ತದೆ. ಎದೆಗಿಂತ ಮೇಲಿದ್ದರೆ ಅಷ್ಟೇ ಕಡಿಮೆ ತೋರಿಸುತ್ತದೆ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡರೆ ಮೇಲಿನ ಅಂಕಿ ಸುಮಾರು 4ರಷ್ಟು, ಪಕ್ಕಕ್ಕೆ ಜೋತುಬಿಟ್ಟರೆ 6ರಿಂದ 7ರಷ್ಟು ಹೆಚ್ಚಾಗಿ ಬಂದಿತ್ತು. ತೊಡೆಯ ಮೇಲೆ ಕೈಯಿಟ್ಟುಕೊಳ್ಳುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದು ತಪ್ಪೆಂದು ಯಾರಿಗೂ ಹೊಳೆಯುವುದಿಲ್ಲ.

ಇನ್ನು ಅಂಕಿಯ ಅರ್ಥ. ಆಸ್ಪತ್ರೆಯಲ್ಲಿ 140/90 ಅಥವಾ ಅದಕ್ಕಿಂತ ಮೇಲೆ ಇದ್ದರೆ ಅಧಿಕ ರಕ್ತದೊತ್ತಡ ಎನ್ನುತ್ತೇವೆ. ಮನೆಯ ಸರಾಸರಿಗೆ ಈ ಗೆರೆ 135/85. ಮನೆಯ ಅಂಕಿ ಸಾಮಾನ್ಯವಾಗಿ ಸ್ವಲ್ಪ ಕಡಿಮೆಯೇ ಇರುವುದರಿಂದ ಗೆರೆಯನ್ನೂ ಕೆಳಗೆ ಎಳೆದಿದ್ದಾರೆ. ಎರಡು ಅಂಕಿಗಳಲ್ಲಿ ಒಂದು ಗೆರೆ ದಾಟಿದರೂ ದಾಟಿದಂತೆಯೇ. ನಿಮ್ಮ 24ರ ಸರಾಸರಿ ಇದಕ್ಕಿಂತ ಮೇಲೆ ಬಂದರೆ ನಿಮ್ಮ ವೈದ್ಯರು ಹೇಳಿದ್ದು ಸರಿ, ಮಾತ್ರೆಯನ್ನು ಇನ್ನು ಮುಂದೂಡಬೇಡಿ. ಕೆಳಗೇ ಉಳಿದರೆ ಆ ಹಾಳೆಯನ್ನು ಅವರಿಗೆ ತೋರಿಸಿ, ಬಿಳಿ ಕೋಟಿನ ರಕ್ತದೊತ್ತಡ ಇರಬಹುದೇ ಎಂದು ಕೇಳಿ. ಸಂಶಯ ಉಳಿದರೆ 24 ಗಂಟೆ ತೋಳಿಗೆ ಕಟ್ಟಿಕೊಂಡೇ ಓಡಾಡುವ ಮಿಷನ್ ಇದೆ. ಅದು ಹಗಲು ರಾತ್ರಿ ತಾನೇ ಅಳೆದು ಇಡುತ್ತದೆ, ಅದರ ಇಡೀ ದಿನದ ಸರಾಸರಿಯ ಗೆರೆ 130/80. ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ (ಮೂತ್ರಪಿಂಡದ ಕೆಲಸ ಹೇಗಿದೆಯೆಂದು ತಿಳಿಸುವ ಅಂಶ), ಇಸಿಜಿ ಇಷ್ಟನ್ನಾದರೂ ನೋಡಿಸಿದರೆ ಒತ್ತಡ ಒಳಗೆ ಹಾನಿ ಮಾಡಿದೆಯೇ ಎಂಬುದರ ಸುಳಿವು ಸಿಗುತ್ತದೆ. ಬಿಳಿ ಕೋಟಿನದೇ ಎಂದಾದರೂ ಅದನ್ನು ಪೂರ್ತಿ ಮರೆಯುವಂತಿಲ್ಲ, ಏಕೆಂದರೆ ಅಂಥವರಲ್ಲಿ ಮುಂದೆ ನಿಜವಾದ ಬಿಪಿ ಕಾಣಿಸಿಕೊಳ್ಳುವ ಸಂಭವ ಉಳಿದವರಿಗಿಂತ ಹೆಚ್ಚು; ವರ್ಷಕ್ಕೊಮ್ಮೆಯಾದರೂ ಹೀಗೆ ಒಂದು ವಾರ ನೋಡಿಕೊಳ್ಳಬೇಕು.

ನೀವು ಪತ್ರದಲ್ಲಿ ಹಾದುಹೋಗುವಂತೆ ಬರೆದ ಮಂಡಿನೋವನ್ನು ನಾನು ಬಿಡಲಾರೆ. ನೋವೇ ಬಿಪಿಯನ್ನು ಏರಿಸುತ್ತದೆ. ಅದರ ಮೇಲೆ ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳು ದೇಹದಲ್ಲಿ ಉಪ್ಪುನೀರನ್ನು ತಡೆದಿಟ್ಟು ಇನ್ನಷ್ಟು ಏರಿಸುತ್ತವೆ. ನೀವು ಅಂಥದ್ದನ್ನು ಮೆಡಿಕಲ್ ಶಾಪಿನಿಂದ ನೇರವಾಗಿ ತಂದು ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ತಿಳಿಸಲೇಬೇಕು.

ಪ್ರಶ್ನೆ: ನನ್ನ ಯಜಮಾನರಿಗೆ 46 ವರ್ಷ. ಲಾರಿ ಓಡಿಸುತ್ತಾರೆ, ಬೀಡಿ ಸೇದುವ ಅಭ್ಯಾಸವಿದೆ. ಲೈಸೆನ್ಸ್ ನವೀಕರಣಕ್ಕೆಂದು ಡಾಕ್ಟರ ಬಳಿ ಹೋದಾಗ 132/84, ಏನೂ ತೊಂದರೆ ಇಲ್ಲ ಎಂದರು. ಅತ್ತೆಯವರಿಗೆಂದು ತಂದಿಟ್ಟ ಮಿಷನ್‌ನಲ್ಲಿ ರಾತ್ರಿ ಹೊತ್ತು ನೋಡಿದರೆ ಇವರಿಗೆ 150ರ ಮೇಲೆಯೇ ಬರುತ್ತದೆ. “ಡಾಕ್ಟರೇ ಸರಿಯಿದೆ ಎಂದ ಮೇಲೆ ನಿನ್ನದೇನು?” ಎಂದು ನನ್ನ ಬಾಯಿ ಮುಚ್ಚಿಸುತ್ತಾರೆ. ಮಿಷನ್ ಕೆಟ್ಟಿದೆಯೇ?
– ಓದುಗರು, ದಾವಣಗೆರೆ

ಉತ್ತರ: ಅಮ್ಮಾ, ಈ ತಿಂಗಳು ಬಂದ ಪತ್ರಗಳಲ್ಲಿ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ನಿಮ್ಮದು. ಮಿಷನ್ ಕೆಟ್ಟಿದೆಯೇ ಎಂದು ನೋಡುವುದು ಸುಲಭ: ಮುಂದಿನ ಸಲ ಡಾಕ್ಟರ ಬಳಿಗೆ ಹೋಗುವಾಗ ಅದನ್ನೂ ಚೀಲದಲ್ಲಿ ತೆಗೆದುಕೊಂಡು ಹೋಗಿ, ಒಂದೇ ತೋಳಿಗೆ, ಒಂದೆರಡು ನಿಮಿಷದ ಅಂತರದಲ್ಲಿ ಅವರದ್ದರಲ್ಲೂ ನಿಮ್ಮದ್ದರಲ್ಲೂ ನೋಡಲು ಹೇಳಿ. ಎರಡಕ್ಕೂ ನಾಲ್ಕೈದು ಮಿಲಿಮೀಟರುಗಳಷ್ಟೇ ವ್ಯತ್ಯಾಸವಿದ್ದರೆ ನಿಮ್ಮ ಮಿಷನ್‌ನ ಮೇಲೆ ತಪ್ಪು ಹೊರಿಸುವಂತಿಲ್ಲ.

ಡಾಕ್ಟರ ಬಳಿ ಸರಿಯಿದ್ದು ಉಳಿದ ಹೊತ್ತಿನಲ್ಲಿ ಹೆಚ್ಚಾಗಿರುವ ಬಿಪಿಯೂ ಉಂಟು. ಅಮೆರಿಕದ ವೈದ್ಯ ಥಾಮಸ್ ಪಿಕರಿಂಗ್ 2002ರಲ್ಲಿ ಇದಕ್ಕೆ ‘ಮುಸುಕಿನ ರಕ್ತದೊತ್ತಡ’ ಎಂಬರ್ಥದ ಹೆಸರಿಟ್ಟರು. ಗಂಡಸರಲ್ಲಿ, ಧೂಮಪಾನಿಗಳಲ್ಲಿ, ಮದ್ಯ ಸೇವಿಸುವವರಲ್ಲಿ, ಕೆಲಸದ ಒತ್ತಡ ಇರುವವರಲ್ಲಿ, ನಿದ್ದೆ ಸರಿಯಿಲ್ಲದವರಲ್ಲಿ ಇದು ಹೆಚ್ಚು. ನಿಮ್ಮ ಯಜಮಾನರ ದಿನಚರಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಒಂದೊಂದು ಬೀಡಿಯೂ ಕೆಲವು ನಿಮಿಷಗಳ ಮಟ್ಟಿಗೆ ಬಿಪಿಯನ್ನು ಏರಿಸುತ್ತದೆ. ಒಂದರ ಹಿಂದೊಂದರಂತೆ ಸೇದುವವರ ಬಿಪಿ ದಿನದ ಬಹುಭಾಗ ಏರಿಯೇ ಇರುತ್ತದೆ. ಡಾಕ್ಟರ ಮುಂದೆ ಸರದಿಯಲ್ಲಿ ಕೂತಿದ್ದ ಒಂದು ಗಂಟೆ ಅವರು ಬೀಡಿ ಸೇದಿರಲಾರರು. ಕಂಡದ್ದು ಆ ಗಂಟೆಯ ಅಂಕಿ. ಬಿಳಿ ಕೋಟಿನದಕ್ಕಿಂತ ಇದು ಅಪಾಯಕಾರಿ. ಹೃದಯಾಘಾತ, ಪಾರ್ಶ್ವವಾಯುಗಳ ಸಂಭವ ಇಂಥವರಲ್ಲಿ ಆಸ್ಪತ್ರೆಯಲ್ಲೂ ಮನೆಯಲ್ಲೂ ಬಿಪಿ ಹೆಚ್ಚಿರುವವರಲ್ಲಿ ಇರುವಷ್ಟೇ ಸರಿಸುಮಾರಾಗಿ ಇರುತ್ತದೆ, ಆದರೆ ಇವರಿಗೆ ಔಷಧ ಸಿಗುವುದಿಲ್ಲ.

ಅವರ ಜೊತೆ ವಾದಕ್ಕಿಳಿಯುವುದರಿಂದ ಪ್ರಯೋಜನವಿಲ್ಲ. ಅವರು ಊರಿನಲ್ಲಿರುವ ದಿನಗಳಲ್ಲಿ, ಮೇಲೆ ಶಿವಮೊಗ್ಗದ ಓದುಗರಿಗೆ ಹೇಳಿದ ಕ್ರಮದಲ್ಲೇ ಬೆಳಿಗ್ಗೆ ಮತ್ತು ರಾತ್ರಿ ನೋಡಿ ಬರೆದಿಡಿ. ಏಳು ದಿನ ಸಿಗದಿದ್ದರೆ ನಾಲ್ಕು ದಿನವಾದರೂ ಆಗಲಿ. ಸರಾಸರಿ 135/85 ದಾಟಿದರೆ ಆ ಹಾಳೆಯನ್ನು ಹಿಡಿದು ನೀವೂ ಅವರ ಜೊತೆಗೆ ಡಾಕ್ಟರ ಬಳಿಗೆ ಹೋಗಿ. ಆಸ್ಪತ್ರೆಯ ಅಂಕಿ 132/84 ಎಂದರೆ ಅದು ನಿರಾಳವಾಗಿರಬಹುದಾದ ಅಂಕಿಯೂ ಅಲ್ಲ, ಗೆರೆಯ ಹತ್ತಿರದ್ದೇ. ಹೆದ್ದಾರಿಯಲ್ಲಿ ರಾತ್ರಿ ಲಾರಿ ಓಡಿಸುವ ಮನುಷ್ಯನ ವಿಷಯವಿದು; ದಯವಿಟ್ಟು ಬಿಟ್ಟುಬಿಡಬೇಡಿ.

ಪ್ರಶ್ನೆ: ನಮ್ಮ ಊರಿನ ಹಳೆಯ ಡಾಕ್ಟರು ಪಾದರಸದ ಮಿಷನ್ ಮಾತ್ರ ಸರಿ, ಬ್ಯಾಟರಿಯದು ಆಟಿಕೆ ಎನ್ನುತ್ತಾರೆ. ಮಣಿಕಟ್ಟಿಗೆ ಕಟ್ಟುವ ಮಿಷನ್, ಬಿಪಿ ತೋರಿಸುವ ಕೈಗಡಿಯಾರಗಳೂ ಈಗ ಸಿಗುತ್ತವೆ. ಯಾವುದನ್ನು ಕೊಳ್ಳಬೇಕು?
– ಓದುಗರು, ಕಲಬುರಗಿ

ಉತ್ತರ: ಹಿರಿಯ ವೈದ್ಯರ ಮಾತಿನ ಹಿಂದೆ ಕಾರಣವಿದೆ. ತೋಳಿಗೆ ಪಟ್ಟಿ ಕಟ್ಟಿ ಪಾದರಸದ ಎತ್ತರದಲ್ಲಿ ಒತ್ತಡವನ್ನು ಅಳೆಯುವ ಸಾಧನವನ್ನು ಇಟಲಿಯ ರಿವಾ-ರೊಚ್ಚಿ 1896ರಲ್ಲಿ ರೂಪಿಸಿದರು. ಸ್ಟೆತಾಸ್ಕೋಪಿನಲ್ಲಿ ನಾಡಿಯ ಸದ್ದು ಮೂಡುವ ಮತ್ತು ಅಡಗುವ ಬಿಂದುಗಳಿಂದ ಮೇಲಿನ, ಕೆಳಗಿನ ಅಂಕಿಗಳನ್ನು ಗುರುತಿಸುವ ವಿಧಾನವನ್ನು ರಷ್ಯಾದ ಕೊರೊಟ್ಕಾಫ್ 1905ರಲ್ಲಿ ತಿಳಿಸಿದರು. ನೂರು ವರ್ಷಕ್ಕೂ ಮಿಕ್ಕಿ ಉಳಿದೆಲ್ಲ ಮಿಷನ್‌ಗಳನ್ನು ಒರೆಗೆ ಹಚ್ಚಿದ್ದು ಇದರ ಮೇಲೆಯೇ. ಆದರೆ ಪಾದರಸ ವಿಷ. ಜಪಾನಿನ ಮಿನಮಾಟಾದಲ್ಲಿ ಪಾದರಸದಿಂದಾದ ದುರಂತದ ಹೆಸರನ್ನೇ ಹೊತ್ತ, 2013ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪಾದರಸದ ಬಿಪಿ ಮಿಷನ್‌ಗಳು ಬಳಕೆಯಿಂದ ಹೋಗುತ್ತಿವೆ. ಭಾರತವೂ ಅದನ್ನು ಅನುಮೋದಿಸಿದೆ. ಮನೆಗಂತೂ ಅದು ಬೇಡ. ಗಾಜಿನ ಕೊಳವೆ ಒಡೆದು ಪಾದರಸ ನೆಲದ ಸಂದಿಗೆ ಸೇರಿದರೆ ತೆಗೆಯುವುದು ಕಷ್ಟ.

ಬ್ಯಾಟರಿಯ ಮಿಷನ್ ಸದ್ದನ್ನು ಕೇಳುವುದಿಲ್ಲ. ಪಟ್ಟಿಯೊಳಗಿನ ಗಾಳಿ ನಾಡಿಮಿಡಿತಕ್ಕೆ ಅದುರುವ ಪರಿಯನ್ನು ಗ್ರಹಿಸಿ ಲೆಕ್ಕ ಹಾಕುತ್ತದೆ. ಆ ಲೆಕ್ಕದ ಸೂತ್ರ ಕಂಪನಿಯಿಂದ ಕಂಪನಿಗೆ ಬೇರೆ. ಆದ್ದರಿಂದಲೇ ಪ್ರತಿ ಮಾದರಿಯನ್ನೂ ಮನುಷ್ಯರ ಮೇಲೆ ಪರೀಕ್ಷಿಸಿ ನಿಖರವೆಂದು ಒಪ್ಪಿರಬೇಕು. ಹಾಗೆ ಒಪ್ಪಿತವಾದ ಮಾದರಿಗಳನ್ನು ಪಟ್ಟಿ ಮಾಡುವ ‘ಸ್ಟ್ರೈಡ್ ಬಿಪಿ’ ಎಂಬ ಅಂತರರಾಷ್ಟ್ರೀಯ ಸಂಸ್ಥೆ ಇದೆ. ಕೊಳ್ಳುವ ಮುನ್ನ ಮಾದರಿಯ ಸಂಖ್ಯೆಯನ್ನು ಮನೆಯ ಮಕ್ಕಳಿಂದ ಅದರಲ್ಲಿ ಹುಡುಕಿಸಿ. ತೋಳಿಗೆ ಕಟ್ಟುವುದನ್ನೇ ತೆಗೆದುಕೊಳ್ಳಿ. ಮಣಿಕಟ್ಟಿನದ್ದು ಕೈಯ ಎತ್ತರ ಚೂರು ಬದಲಾದರೂ ಅಂಕಿಯನ್ನು ಬದಲಿಸುತ್ತದೆ. ಪಟ್ಟಿಯೇ ಇಲ್ಲದ ಕೈಗಡಿಯಾರದ ಅಂಕಿಯನ್ನು ನಂಬಿ ಮಾತ್ರೆಯನ್ನು ನಿರ್ಧರಿಸುವ ಕಾಲ ಇನ್ನೂ ಬಂದಿಲ್ಲ.

ಅಂಗಡಿಯಲ್ಲಿ ಬೆಲೆ, ಬಣ್ಣ, ಬ್ಲೂಟೂತ್‌ಗಳ ಬಗ್ಗೆ ಕೇಳುವವರು ಪಟ್ಟಿಯ ಅಳತೆಯನ್ನು ಕೇಳುವುದಿಲ್ಲ. ದರ್ಜಿಯ ಟೇಪಿನಿಂದ ಭುಜಕ್ಕೂ ಮೊಣಕೈಗೂ ನಡುಮಧ್ಯೆ ತೋಳಿನ ಸುತ್ತಳತೆಯನ್ನು ನೋಡಿಕೊಂಡು ಹೋಗಿ. ಮಿಷನ್ ಜೊತೆ ಬರುವ ಪಟ್ಟಿ ಸಾಮಾನ್ಯವಾಗಿ 22ರಿಂದ 32 ಸೆಂಟಿಮೀಟರ್ ತೋಳಿನದು. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಹೆಚ್ಚಾಗಿ ಕಾಣುತ್ತದೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅತಿ ದೊಡ್ಡ ಪಟ್ಟಿ ಬೇಕಾಗಿದ್ದವರಿಗೆ ಸಾಧಾರಣ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ ಸರಾಸರಿ 19ಕ್ಕೂ ಹೆಚ್ಚು ಏರಿ ಬಂತು. ಮೊದಲ ಸಲ ಎರಡೂ ತೋಳುಗಳಲ್ಲಿ ನೋಡಿ, ಹೆಚ್ಚು ಬರುವ ತೋಳನ್ನೇ ಮುಂದೆ ಬಳಸಿ. ಎರಡು ತೋಳುಗಳ ನಡುವೆ ಸತತವಾಗಿ 10ಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ನಾಡಿ ತಾಳ ತಪ್ಪಿ ಮಿಡಿಯುವ ಹೃದಯದ ತೊಂದರೆ ಇರುವವರಲ್ಲಿ ಬ್ಯಾಟರಿ ಮಿಷನ್ ಎಡವುವುದುಂಟು. ಅವರು ಪ್ರತಿ ಸಲವೂ ಮೂರು ಬಾರಿ ನೋಡಿ ಸರಾಸರಿ ತೆಗೆಯಬೇಕು.

ಪ್ರಶ್ನೆ: ನಾನು ಅಮೆರಿಕದ ಫ್ರೀಮಾಂಟ್‌ನಲ್ಲಿದ್ದೇನೆ. ಮೈಸೂರಿನಲ್ಲಿರುವ ಅಮ್ಮ (70 ವರ್ಷ, ಮಾತ್ರೆ ತೆಗೆದುಕೊಳ್ಳುತ್ತಾರೆ) ದಿನವೂ ಬಿಪಿ ನೋಡಿ ವಾಟ್ಸಾಪ್‌ನಲ್ಲಿ ಕಳುಹಿಸುತ್ತಾರೆ. 130/80, 140/80, 130/80, ಹೀಗೆ. ಇಲ್ಲಿಯ ಲೆಕ್ಕದಲ್ಲಿ 130 ದಾಟಿದರೆ ಬಿಪಿ ಹೆಚ್ಚು. ಅಲ್ಲಿಯ ಡಾಕ್ಟರು ಸರಿಯಿದೆ ಎನ್ನುತ್ತಾರೆ. ಮಾತ್ರೆ ಹೆಚ್ಚಿಸಲು ಅಮ್ಮನಿಗೆ ಹೇಳಲೇ?
– ಓದುಗರು, ಫ್ರೀಮಾಂಟ್

ಉತ್ತರ: ದಯವಿಟ್ಟು ಹೇಳಬೇಡಿ. ಅಮೆರಿಕದ ಹೃದ್ರೋಗ ಸಂಘಟನೆಗಳು 2017ರಲ್ಲಿ ಗೆರೆಯನ್ನು 130/80ಕ್ಕೆ ಇಳಿಸಿದ್ದು ನಿಜ. ಭಾರತದ ಮಾರ್ಗಸೂಚಿ 140/90ನ್ನೇ ಉಳಿಸಿಕೊಂಡಿದೆ. ಇದರಿಂದ ಅಮ್ಮನ ರಕ್ತನಾಳಗಳಿಗೆ ಏನೂ ವ್ಯತ್ಯಾಸವಾಗುವುದಿಲ್ಲ. ಔಷಧ ಸೇವಿಸುತ್ತಿರುವವರ ಗುರಿ ಎಷ್ಟಿರಬೇಕು ಎಂಬುದು ವಯಸ್ಸು, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಸ್ಥಿತಿ, ಬೀಳುವ ಭಯ ಇವೆಲ್ಲವನ್ನೂ ನೋಡಿ ಅವರ ವೈದ್ಯರು ನಿರ್ಧರಿಸಬೇಕಾದದ್ದು. ಆ ಗುರಿ ಎಷ್ಟೆಂದು ನೀವೇ ಅವರಿಗೆ ಫೋನ್ ಮಾಡಿ ಕೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಅಮ್ಮ ಕಳುಹಿಸಿದ ಅಂಕಿಗಳೆಲ್ಲವೂ ಸೊನ್ನೆಯಲ್ಲಿ ಮುಗಿಯುತ್ತವೆ. ಬ್ಯಾಟರಿ ಮಿಷನ್ 133, 137, 78, 84 ಎಂದೆಲ್ಲ ತೋರಿಸುತ್ತದೆ. ಸತತವಾಗಿ ಸೊನ್ನೆಯನ್ನೇ ತೋರಿಸುವುದಿಲ್ಲ. ಅವರು ಹತ್ತಿರದ ಸೊನ್ನೆಗೆ ಸರಿಪಡಿಸಿ ಬರೆಯುತ್ತಿರಬೇಕು. 136ನ್ನು 140 ಎಂದು, 134ನ್ನು 130 ಎಂದು ಬರೆದರೆ ನಿಮಗೆ ಕಾಣುವ ಹತ್ತರ ಏರಿಳಿತದಲ್ಲಿ ಎಂಟು ಬರವಣಿಗೆಯದು. ಮಗ ಗಾಬರಿಯಾದಾನೆಂದು ಕೆಲವು ತಾಯಂದಿರು ಅಂಕಿಯನ್ನು ಇಳಿಸಿ ಹೇಳುವುದನ್ನೂ ನಾನು ಕಂಡಿದ್ದೇನೆ. ಮಿಷನ್‌ನ ನೆನಪಿನಲ್ಲಿ ಹಿಂದಿನ ಅಂಕಿಗಳು ಉಳಿದಿರುತ್ತವೆ. ಪರದೆಯ ಫೋಟೋವನ್ನೇ ಕಳುಹಿಸಲು ಹೇಳಿ. ದಿನವೂ ಕಳುಹಿಸುವುದೂ ಬೇಡ. ಬಿಪಿ ಹತೋಟಿಯಲ್ಲಿದ್ದರೆ ವಾರದಲ್ಲಿ ಒಂದೆರಡು ದಿನ, ವೈದ್ಯರ ಭೇಟಿಗೆ ಮುಂಚಿನ ಒಂದು ವಾರ ಎರಡು ಹೊತ್ತು, ಇಷ್ಟು ಸಾಕು.

ಪ್ರಶ್ನೆ: ನನಗೆ ಏಳು ತಿಂಗಳು. ಬಿಪಿಯನ್ನು ಮನೆಯಲ್ಲಿ ನೋಡಿಕೊಳ್ಳಬಹುದೇ?
– ಓದುಗರು, ಹಾಸನ

ಉತ್ತರ: ನೋಡಿಕೊಳ್ಳಬಹುದು, ಆದರೆ ಗರ್ಭಿಣಿಯರಲ್ಲಿ ಪರೀಕ್ಷಿಸಿ ಒಪ್ಪಿದ ಮಾದರಿಯೇ ಆಗಿರಬೇಕು, ಮತ್ತು ಇದು ತಪಾಸಣೆಯ ಭೇಟಿಗಳಿಗೆ ಬದಲಿಯಲ್ಲ, ಏಕೆಂದರೆ ಅಲ್ಲಿ ಮೂತ್ರದ ಪ್ರೋಟೀನನ್ನೂ ಮಗುವಿನ ಬೆಳವಣಿಗೆಯನ್ನೂ ನೋಡುತ್ತಾರೆ. ಮನೆಯಲ್ಲಿ 140/90 ಅಥವಾ ಹೆಚ್ಚು ಬಂದು, ಸ್ವಲ್ಪ ಹೊತ್ತು ಬಿಟ್ಟು ನೋಡಿದರೂ ಹಾಗೆಯೇ ಇದ್ದರೆ ಅಂದೇ ನಿಮ್ಮ ವೈದ್ಯರಿಗೆ ತಿಳಿಸಿ. ಗರ್ಭಿಣಿಯರ ವಿಷಯದಲ್ಲಿ ಏಳು ದಿನದ ಸರಾಸರಿಗೆ ಕಾಯುವಂತಿಲ್ಲ. 160/110 ಮುಟ್ಟಿದರೆ, ಅಥವಾ ಅಂಕಿ ಎಷ್ಟೇ ಇರಲಿ ತೀವ್ರ ತಲೆನೋವು, ಕಣ್ಣು ಮಂಜಾಗುವುದು, ಪಕ್ಕೆಲುಬಿನ ಕೆಳಗೆ ನೋವು, ಮುಖ ಕೈಗಳ ಹಠಾತ್ ಊತ ಕಂಡರೆ ಹೊತ್ತು ನೋಡದೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಬಿಪಿ ಮಿಷನ್ ತಂದ ಮೇಲೆ ನನಗೆ ನೆಮ್ಮದಿಯೇ ಇಲ್ಲ. ದಿನಕ್ಕೆ ಹತ್ತು ಹನ್ನೆರಡು ಸಲ ನೋಡುತ್ತೇನೆ. ಒಮ್ಮೆ 124, ಒಮ್ಮೆ 149. ಒಂದು ರಾತ್ರಿ 172 ಬಂದು ಹೆದರಿ ಆಟೋದಲ್ಲಿ ಆಸ್ಪತ್ರೆಗೆ ಹೋದೆ, ಅಲ್ಲಿ 146 ಎಂದು ವಾಪಸ್ ಕಳುಹಿಸಿದರು.
– ಓದುಗರು, ಬೆಂಗಳೂರು

ಉತ್ತರ: ಹೆದರಿಕೆಯಿಂದ ಬಿಪಿ ಏರುತ್ತದೆ, ಏರಿದ ಅಂಕಿಯನ್ನು ಕಂಡು ಹೆದರಿಕೆ ಹೆಚ್ಚುತ್ತದೆ, ಮತ್ತೆ ನೋಡಿದರೆ ಇನ್ನೂ ಏರಿರುತ್ತದೆ. ಆ ರಾತ್ರಿ ನಿಮಗೆ ಆದದ್ದು ಬಹುಶಃ ಇದೇ. ಮಿಷನ್ ಅನ್ನು ಎರಡು ವಾರ ಮನೆಯ ಇನ್ನೊಬ್ಬರ ವಶಕ್ಕೆ ಕೊಡಿ. ಆಮೇಲೆ ಒಂದು ವಾರ, ಬೆಳಿಗ್ಗೆ ರಾತ್ರಿ ಎರಡೇ ಹೊತ್ತು ಅವರೇ ನೋಡಿ ಬರೆಯಲಿ. ಅಂಕಿಯನ್ನು ನಿಮಗೆ ಹೇಳದೆ ವಾರದ ಕೊನೆಗೆ ಸರಾಸರಿಯನ್ನಷ್ಟೇ ಹೇಳಲಿ. ನನ್ನ ರೋಗಿಗಳಲ್ಲಿ ಹಲವರಿಗೆ ಇದು ಉಪಕಾರವಾಗಿದೆ. ಮನೆಯ ಅಳತೆ ಎಲ್ಲರಿಗೂ ಒಗ್ಗುವುದಿಲ್ಲ ಎಂಬುದನ್ನೂ ಒಪ್ಪಬೇಕು. ಇದರಿಂದಲೂ ಕಳವಳ ತಗ್ಗದಿದ್ದರೆ 24 ಗಂಟೆಯ ಮಿಷನ್ ಕಟ್ಟಿಸಿಕೊಂಡು, ಮನೆಯದನ್ನು ಎತ್ತಿಡುವುದೇ ಒಳ್ಳೆಯದು.

ಯಾವಾಗ ಓಡಬೇಕು ಎಂಬುದನ್ನು ತಿಳಿದಿರಿ. ಮೇಲಿನದು 180 ಅಥವಾ ಕೆಳಗಿನದು 120 ದಾಟಿದ್ದು, ಜೊತೆಗೆ ಎದೆನೋವು, ಉಸಿರು ಕಟ್ಟುವುದು, ಮುಖ ಸೊಟ್ಟಗಾಗುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಕಾಣದಾಗುವುದು ಇವುಗಳಲ್ಲಿ ಒಂದಿದ್ದರೂ 108ಕ್ಕೆ ಕರೆ ಮಾಡಿ. ಈ ಲಕ್ಷಣಗಳಿದ್ದರೆ ಅಂಕಿ ಕಡಿಮೆಯಿದ್ದರೂ ಕರೆ ಮಾಡಿ. ಮಿಷನ್ ಹುಡುಕುತ್ತ ಕೂರಬೇಡಿ. ಲಕ್ಷಣಗಳೇನೂ ಇಲ್ಲದೆ ಅಷ್ಟು ಅಂಕಿ ಬಂದರೆ ಐದು ನಿಮಿಷ ಸುಮ್ಮನೆ ಕೂತು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅದೇ ದಿನ ವೈದ್ಯರನ್ನು ಕಾಣಿ. ನಾಲಿಗೆಯ ಕೆಳಗೆ ಯಾರದೋ ಮಾತ್ರೆ ಇಟ್ಟುಕೊಂಡು ಬಿಪಿಯನ್ನು ದಿಢೀರನೆ ಇಳಿಸಲು ಹೋಗಬೇಡಿ. ಹಾಗೆ ಇಳಿದಾಗ ಮಿದುಳಿಗೆ ರಕ್ತ ಸಾಲದೆ ಪಾರ್ಶ್ವವಾಯುವೇ ಆಗಬಹುದು.

ಪ್ರಶ್ನೆ: ತಾಯಿಗೆ 78 ವರ್ಷ. ಆಸ್ಪತ್ರೆಯಲ್ಲಿ ಪ್ರತಿ ಸಲ 150 ಬರುತ್ತದೆ, ಮಾತ್ರೆ ಹೆಚ್ಚಿಸುತ್ತಾರೆ. ಮನೆಯಲ್ಲಿ 118, 120. ಇತ್ತೀಚೆಗೆ ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ ಕಣ್ಣು ಕತ್ತಲೆ ಬರುತ್ತದೆ ಎನ್ನುತ್ತಾರೆ, ಒಮ್ಮೆ ಬಚ್ಚಲುಮನೆಯ ಬಾಗಿಲಲ್ಲಿ ಕುಸಿದು ಕೂತರು.
– ಓದುಗರು, ಶಿರಸಿ

ಉತ್ತರ: ಇವರಿಗೆ ಆಸ್ಪತ್ರೆಯ ಅಂಕಿಗೆ ತಕ್ಕಂತೆ ಔಷಧ ಏರುತ್ತಿದೆ, ಮನೆಯ ಬಿಪಿ ಅದರ ಭಾರವನ್ನು ಹೊರುತ್ತಿದೆ ಎಂದು ಕಾಣುತ್ತದೆ. ನಾಳೆ ಬೆಳಿಗ್ಗೆ ಐದು ನಿಮಿಷ ಮಲಗಿರುವಂತೆಯೇ ಒಮ್ಮೆ ಬಿಪಿ ನೋಡಿ. ಆಮೇಲೆ ಅವರನ್ನು ನಿಧಾನವಾಗಿ ಎಬ್ಬಿಸಿ ನಿಲ್ಲಿಸಿ, ಒಂದನೆಯ ನಿಮಿಷದಲ್ಲಿ ಮತ್ತು ಮೂರನೆಯ ನಿಮಿಷದಲ್ಲಿ ನೋಡಿ. ಇನ್ನೊಬ್ಬರು ಪಕ್ಕದಲ್ಲಿ ಹಿಡಿದು ನಿಂತಿರಲೇಬೇಕು, ತಲೆ ಸುತ್ತಿದರೆ ತಕ್ಷಣ ಮಲಗಿಸಿ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಗಮನಿಸಲೇಬೇಕಾದ ಇಳಿತ. ಸುಮ್ಮನೆ ಕೂರಿಸಿ ನೋಡುವ ಆಸ್ಪತ್ರೆಯ ಅಳತೆಯಲ್ಲಿ ಇದು ಎಂದಿಗೂ ಕಾಣುವುದಿಲ್ಲ. ಈ ವಯಸ್ಸಿನಲ್ಲಿ ಒಂದು ಬೀಳು ಸೊಂಟದ ಮೂಳೆಯನ್ನು ಮುರಿದು ಹಾಸಿಗೆ ಹಿಡಿಸಬಲ್ಲದು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಆದರೆ ಮುಂದಿನ ತಿಂಗಳ ಭೇಟಿಯವರೆಗೆ ಕಾಯಲೂಬೇಡಿ. ಮಲಗಿದ್ದಾಗಿನ ಮತ್ತು ನಿಂತಾಗಿನ ಅಂಕಿಗಳನ್ನು, ವಾರದ ಮನೆಯ ಅಂಕಿಗಳನ್ನು, ಎಲ್ಲ ಮಾತ್ರೆಗಳ ಪಟ್ಟಿಯನ್ನು ಒಂದೇ ಹಾಳೆಯಲ್ಲಿ ಬರೆದು ಈ ವಾರವೇ ಕರೆದುಕೊಂಡು ಹೋಗಿ. ಬಚ್ಚಲುಮನೆಯ ಬಾಗಿಲಲ್ಲಿ ಕುಸಿದ ಸಂಗತಿಯನ್ನು ಹಾಳೆಯ ಮೊದಲ ಸಾಲಿನಲ್ಲೇ ಬರೆಯಿರಿ, ಬಿಪಿ ನೋಡುವ ಮುನ್ನ ವೈದ್ಯರ ಕಣ್ಣಿಗೆ ಅದು ಬೀಳಲಿ.